ನೆಲ ಎಲ್ಲರದು, ದಾರಿ ಯಾರದು?

(ಬೆಟ್ಟದ ಹಳ್ಳಿಗಳ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



2021ರ ಶರತ್ಕಾಲದಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯಕ್ಕೆ ಮಿಸ್ಸೌರಿ ರಾಜ್ಯದಿಂದ ನಾಲ್ವರು ಬೇಟೆಗಾರರು ಬಂದರು. ಅವರ ಬಳಿ ಬಂದೂಕು, ಡೇರೆ ಮತ್ತು ಸರ್ಕಾರ ಕೊಟ್ಟ ಬೇಟೆಯ ಪರವಾನಗಿಗಳ ಜೊತೆಗೆ ಒಂದು ಉಕ್ಕಿನ ಏಣಿಯೂ ಇತ್ತು. ಎಲ್ಕ್ ಪರ್ವತದ ತಪ್ಪಲಿನ ಬಯಲಿನಲ್ಲಿ, ನಾಲ್ಕು ತುಂಡು ಭೂಮಿಗಳ ಮೂಲೆಗಳು ಕೂಡುವ ಬಿಂದುವಿನ ಮೇಲೆ ಆ ಏಣಿಯನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ ಏರಿ ಆಚೆ ಇಳಿದರು. ಏಣಿಯ ಈಚೆಗಿನ ನೆಲ ಸಾರ್ವಜನಿಕರದು, ಆಚೆಗಿನ ನೆಲವೂ ಸಾರ್ವಜನಿಕರದು. ಎಡಬಲದ ಎರಡು ತುಂಡುಗಳು ಮಾತ್ರ ಖಾಸಗಿಯವು. ಆ ಖಾಸಗಿ ನೆಲವನ್ನು ಅವರ ಪಾದ ಮುಟ್ಟಲಿಲ್ಲ. ಆದರೂ ಅವರ ಮೇಲೆ ಅತಿಕ್ರಮ ಪ್ರವೇಶದ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಅದರ ಬೆನ್ನಿಗೇ ಭೂಮಾಲೀಕರ ಸಂಸ್ಥೆಯು ಎಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿದ ನಷ್ಟ ತೋರಿಸಿ ಸಿವಿಲ್ ದಾವೆಯನ್ನೂ ತಂದಿತು. ಗಾಳಿಯಲ್ಲಿ ಇಟ್ಟ ಒಂದು ಹೆಜ್ಜೆಯ ವಿವಾದ ಮುಗಿಯಲು ನಾಲ್ಕು ವರ್ಷಗಳು ಹಿಡಿದವು.

ದೂರದ ದೇಶದ ಈ ವ್ಯಾಜ್ಯ ಬೆಟ್ಟದ ಜನರಿಗೆ ಏಕೆ ಮುಖ್ಯ ಎಂಬ ಪ್ರಶ್ನೆ ಸಹಜವಾದದ್ದು. ಎಲ್ಲರಿಗೂ ಸೇರಿದ ನೆಲವೊಂದು ಎಲ್ಲರಿಗೂ ಸೇರಿದ್ದಾಗಿ ಉಳಿಯುವುದು ಕಾಗದದ ಮೇಲಿನ ಒಡೆತನದಿಂದಲೋ, ಅಥವಾ ಅಲ್ಲಿಗೆ ನಡೆದು ಹೋಗುವ ದಾರಿಯಿಂದಲೋ? ಈ ವ್ಯಾಜ್ಯದ ಒಳಗಿರುವ ಪ್ರಶ್ನೆ ಇದೇ. ಅದನ್ನು ತಿಳಿಯಲು ಮೊದಲು ಆ ಬೆಟ್ಟವನ್ನೂ ಆ ಮೃಗವನ್ನೂ ಪರಿಚಯಿಸಿಕೊಳ್ಳಬೇಕು.

ಬೆಟ್ಟ ಮತ್ತು ಮೃಗ

ಎಲ್ಕ್ ಪರ್ವತದ ಶಿಖರ ಸಮುದ್ರಮಟ್ಟದಿಂದ 11,156 ಅಡಿ ಎತ್ತರದಲ್ಲಿದೆ. ಅದರ ಬುಡದಲ್ಲಿರುವ ಸಣ್ಣ ಊರೇ ಏಳು ಸಾವಿರ ಅಡಿಗೂ ಮೇಲಿದೆ. ಎಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತಲೂ ಆ ತಪ್ಪಲು ಎತ್ತರದಲ್ಲಿದೆ. ಕೆಳಗೆ ಕುರುಚಲು ಗಿಡಗಳ ಒಣ ಬಯಲು, ಅದರ ಮೇಲೆ ಸೂಚಿಪರ್ಣಿ ಮರಗಳ ದಟ್ಟ ಕತ್ತಲೆಯ ಕಾಡು, ತುದಿಯಲ್ಲಿ ಬಂಡೆ ಮತ್ತು ಹಿಮ. ಅಕ್ಟೋಬರ್ ತಿಂಗಳಲ್ಲಿಯೇ ಅಲ್ಲಿ ಹಿಮಪಾತ ಆರಂಭವಾಗುವುದುಂಟು.

ಎಲ್ಕ್ ಎಂಬುದು ಜಿಂಕೆಯ ಕುಲಕ್ಕೆ ಸೇರಿದ, ನಮ್ಮ ಕಾಡಿನ ಕಡವೆಯನ್ನು ನೆನಪಿಸುವ ಭಾರಿ ಗಾತ್ರದ ಪ್ರಾಣಿ. ಬೆಳೆದ ಗಂಡು ಮುನ್ನೂರು ಕಿಲೋಗ್ರಾಂ ಆಸುಪಾಸು ತೂಗುತ್ತದೆ. ಅದರ ಕವಲುಕೊಂಬುಗಳು ಪ್ರತಿವರ್ಷ ಉದುರಿ ಮತ್ತೆ ಮೂಡುತ್ತವೆ. ಸೆಪ್ಟೆಂಬರ್‌ನಲ್ಲಿ ಬೆದೆಗೆ ಬಂದ ಗಂಡುಗಳು ಕೊಳಲಿನಂತೆ ಸಿಳ್ಳಿಡುವ ದನಿ ಕಣಿವೆಯಿಂದ ಕಣಿವೆಗೆ ಕೇಳಿಸುತ್ತದೆ. ಹೇಸರಗತ್ತೆಯ ಕಿವಿಯಂಥ ಉದ್ದ ಕಿವಿಗಳಿಂದಾಗಿ ಮ್ಯೂಲ್ ಡೀರ್ ಎಂದು ಹೆಸರು ಪಡೆದ ಜಿಂಕೆಗಳೂ ಅದೇ ಬೆಟ್ಟಗಳಲ್ಲಿವೆ. ಬೇಸಿಗೆಯಲ್ಲಿ ಈ ಮೃಗಗಳು ಎತ್ತರದ ಹುಲ್ಲುಗಾವಲುಗಳಲ್ಲಿ ಮೇಯುತ್ತವೆ. ಹಿಮ ಬಿದ್ದಂತೆ ಕೆಳಗಿನ ಕಣಿವೆಗಳಿಗೆ ಇಳಿಯುತ್ತವೆ.

ಇಂಥ ಬೆಟ್ಟದಲ್ಲಿ ಕಾಲ್ನಡಿಗೆಯ ಬೇಟೆ ಸುಲಭದ ಕೆಲಸವಲ್ಲ. ತಂಪು ಹೊತ್ತಿನಲ್ಲಿ ಗಾಳಿ ಇಳಿಜಾರಿನಿಂದ ಕೆಳಗೆ ಹರಿಯುತ್ತದೆ. ಬಿಸಿಲೇರಿದ ಮೇಲೆ ಅದೇ ಗಾಳಿ ಮೇಲಕ್ಕೆ ಬೀಸುತ್ತದೆ. ಮನುಷ್ಯನ ವಾಸನೆ ಒಮ್ಮೆ ತಾಗಿದರೆ ಇಡೀ ಹಿಂಡು ಗುಡ್ಡ ದಾಟಿಹೋಗುತ್ತದೆ. ಆದ್ದರಿಂದ ಬೇಟೆಗಾರ ಗಾಳಿಯ ಹೊತ್ತುಗೊತ್ತು ಅರಿತು ಸುತ್ತಿಬಳಸಿ ನಡೆಯಬೇಕು. ಮೃಗ ಬಿದ್ದ ನಂತರವೇ ನಿಜವಾದ ಶ್ರಮ. ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಪರಾಧ. ಆದ್ದರಿಂದ ಅದನ್ನು ಬಿಡಿಸಿ, ಬೆನ್ನ ಮೇಲೆ ಹೊತ್ತು, ಹಲವು ಸಲ ಓಡಾಡಿ ಕೆಳಗಿಳಿಸಬೇಕು. ಹೀಗೆ ತಂದ ಮಾಂಸ ಅಲ್ಲಿನ ಎಷ್ಟೋ ಕುಟುಂಬಗಳಿಗೆ ಚಳಿಗಾಲದ ಆಹಾರ.

ಆ ದೇಶದಲ್ಲಿ ಕಾಡುಪ್ರಾಣಿ ಭೂಮಾಲೀಕನ ಸೊತ್ತಲ್ಲ. ಅದನ್ನು ರಾಜ್ಯವು ಜನರೆಲ್ಲರ ಪರವಾಗಿ ಕಾಪಾಡಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದಿಂದ ಬೆಳೆದು ಬಂದ ತತ್ವ. ಆ ತತ್ವ ಗಟ್ಟಿಯಾಗುವ ಮೊದಲು ಭಾರಿ ಸಂಹಾರವೇ ನಡೆದುಹೋಗಿತ್ತು. ಐರೋಪ್ಯರು ಬರುವ ಮುನ್ನ ಉತ್ತರ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಎಲ್ಕ್‌ಗಳಿದ್ದವೆಂದು ಅಂದಾಜಿದೆ. ಮಾರುಕಟ್ಟೆಗಾಗಿ ನಡೆದ ಬೇಟೆಯಿಂದ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅವುಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. 1900ರ ಲೇಸಿ ಕಾಯಿದೆಯು ಅಕ್ರಮವಾಗಿ ಕೊಂದ ಪ್ರಾಣಿಗಳ ಅಂತರರಾಜ್ಯ ವ್ಯಾಪಾರಕ್ಕೆ ತಡೆ ಹಾಕಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯು ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. ಇಂದು ಅಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್‌ಗಳಿವೆ. ಎಲ್ಲಿ, ಯಾವಾಗ, ಎಷ್ಟು ಪ್ರಾಣಿಗಳನ್ನು ಕೊಲ್ಲಬಹುದೆಂಬುದನ್ನು ರಾಜ್ಯಗಳೇ ನಿರ್ಧರಿಸುತ್ತವೆ. ಬೇಡಿಕೆ ಹೆಚ್ಚಿರುವಲ್ಲಿ ಪರವಾನಗಿಗಳನ್ನು ಚೀಟಿ ಎತ್ತಿ ಹಂಚುತ್ತವೆ.

ಹೀಗೆ ಮೃಗ ಎಲ್ಲರದು, ಬೆಟ್ಟದ ಬಹುಭಾಗವೂ ಎಲ್ಲರದು. ತೊಡಕು ಇರುವುದು ಭೂಮಿಯನ್ನು ಕತ್ತರಿಸಿದ ಬಗೆಯಲ್ಲಿ.

ಚದುರಂಗದ ಮಣೆ

1862ರಲ್ಲಿ ಅಮೆರಿಕದ ಸಂಸತ್ತು ಖಂಡದ ಎರಡು ತೀರಗಳನ್ನು ಬೆಸೆಯುವ ರೈಲುಮಾರ್ಗಕ್ಕೆ ಒಪ್ಪಿಗೆ ನೀಡಿತು. ಸರ್ಕಾರ ರೈಲು ಕಂಪನಿಗಳಿಗೆ ಸಾಲದ ನೆರವಿನ ಜೊತೆಗೆ ಭೂಮಿಯನ್ನೂ ಕೊಟ್ಟಿತು. ಮೋಜಣಿಯವರು ಅದಾಗಲೇ ಭೂಮಿಯನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ, 640 ಎಕರೆಗಳ ಚೌಕಗಳಾಗಿ ಅಳೆಯುವ ಪದ್ಧತಿ ರೂಢಿಯಲ್ಲಿತ್ತು. ಹಳಿಯ ಎರಡೂ ಬದಿಯಲ್ಲಿ ಬೆಸ ಸಂಖ್ಯೆಯ ಚೌಕಗಳು ಕಂಪನಿಗೆ, ಸಮ ಸಂಖ್ಯೆಯ ಚೌಕಗಳು ಸರ್ಕಾರಕ್ಕೆ ಎಂದು ಹಂಚಿಕೆಯಾಯಿತು. 1864ರ ತಿದ್ದುಪಡಿಯ ನಂತರ ಈ ಪಟ್ಟಿ ಹಳಿಯ ಒಂದೊಂದು ಬದಿಗೆ ಇಪ್ಪತ್ತು ಮೈಲಿ ಅಗಲವಾಯಿತು. ರೈಲು ಬಂದ ಮೇಲೆ ತನ್ನ ಚೌಕಗಳಿಗೂ ಬೆಲೆ ಏರುವುದೆಂದು ಸರ್ಕಾರ ಎಣಿಸಿತ್ತು. ಆದರೆ ಆ ಒಣನೆಲವನ್ನು ಕೊಳ್ಳಲು ಹೆಚ್ಚು ಜನ ಬರಲಿಲ್ಲ. ಕಂಪನಿಯ ಚೌಕಗಳು ಕಾಲಾಂತರದಲ್ಲಿ ದನಕುರಿ ಸಾಕುವ ದೊಡ್ಡ ಒಡೆಯರ ಕೈ ಸೇರಿದವು. ಸರ್ಕಾರದ ಚೌಕಗಳು ಸಾರ್ವಜನಿಕ ಭೂಮಿಯಾಗಿಯೇ ಉಳಿದವು.

ಚದುರಂಗದ ಮಣೆಯನ್ನು ಕಣ್ಣ ಮುಂದೆ ತಂದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಕಪ್ಪು ಮನೆಗಳು ಸಾರ್ವಜನಿಕರವು, ಬಿಳಿಯ ಮನೆಗಳು ಖಾಸಗಿಯವು ಎಂದುಕೊಳ್ಳೋಣ. ಒಂದು ಕಪ್ಪು ಮನೆಯಿಂದ ಇನ್ನೊಂದು ಕಪ್ಪು ಮನೆಗೆ ಮೂಲೆಯ ಮೂಲಕವಲ್ಲದೆ ಬೇರೆ ದಾರಿಯಿಲ್ಲ. ಮೂಲೆಯೋ ಕೇವಲ ಒಂದು ಬಿಂದು. ಬಿಂದುವಿಗೆ ಅಗಲವಿಲ್ಲ, ಮನುಷ್ಯನ ದೇಹಕ್ಕೆ ಅಗಲವಿದೆ. ಬಾಂದುಕಲ್ಲಿನ ಮೇಲೆ ನೇರವಾಗಿ ದಾಟಿದರೂ ಅವನ ಭುಜಗಳು ಬಿಳಿಯ ಮನೆಗಳ ಮೇಲಿನ ಗಾಳಿಯನ್ನು ಒಂದು ಕ್ಷಣ ಸವರುತ್ತವೆ. ಆ ಗಾಳಿಯೂ ತಮ್ಮದೇ ಎಂಬುದು ಭೂಮಾಲೀಕರ ವಾದ.

ಈ ವಾದ ಗೆದ್ದರೆ ಆಗುವ ಪರಿಣಾಮ ಸಣ್ಣದಲ್ಲ. ನಕ್ಷೆ ತಯಾರಿಸುವ ಆನ್‌ಎಕ್ಸ್ ಕಂಪನಿ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಮೂಲೆ ದಾಟದೆ ತಲುಪಲಾಗದ ಸಾರ್ವಜನಿಕ ಭೂಮಿ 83 ಲಕ್ಷ ಎಕರೆ. ಅದು ಕರ್ನಾಟಕದ ವಿಸ್ತೀರ್ಣದ ಆರನೆಯ ಒಂದು ಭಾಗಕ್ಕಿಂತಲೂ ತುಸು ಹೆಚ್ಚು. ದಾಖಲೆಯಲ್ಲಿ ಅದು ಪ್ರಜೆಗಳೆಲ್ಲರ ಆಸ್ತಿ. ವಾಸ್ತವದಲ್ಲಿ ಸುತ್ತಲಿನ ಜಮೀನಿನ ಒಡೆಯ ಮತ್ತು ಅವನ ಅತಿಥಿಗಳು ಮಾತ್ರ ಕಾಲಿಡಬಲ್ಲ ಖಾಸಗಿ ಬೇಟೆಮಾಳ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಒಂದು ಕೌಂಟಿಯ ಮೂರು ವ್ಯಾಜ್ಯಗಳು

ಬೇಲಿಯ ಈ ಹಸಿವು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನುವಾರು ಒಡೆಯರು ತಮ್ಮ ಚೌಕಗಳ ಅಂಚಿನಲ್ಲಿಯೇ ಜಾಣತನದಿಂದ ಬೇಲಿ ಹಾಕಿ, ನಡುವಿನ ಸಾರ್ವಜನಿಕ ಚೌಕಗಳನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದರು. ಇದನ್ನು ತಡೆಯಲೆಂದೇ 1885ರಲ್ಲಿ ಅಕ್ರಮ ಬೇಲಿಗಳ ವಿರುದ್ಧದ ಕಾಯಿದೆ ಬಂತು. ಬೇಲಿಯಿಂದಾಗಲಿ, ಬಲಪ್ರಯೋಗದಿಂದಾಗಲಿ, ಬೆದರಿಕೆಯಿಂದಾಗಲಿ ಸಾರ್ವಜನಿಕ ಭೂಮಿಗೆ ಹೋಗುವವರನ್ನು ತಡೆಯುವಂತಿಲ್ಲ ಎಂದು ಅದು ಸಾರಿತು. ಬೇಲಿಯ ಕಂಬಗಳೆಲ್ಲ ಸ್ವಂತ ನೆಲದಲ್ಲಿದ್ದರೂ ಅವು ಸಾರ್ವಜನಿಕ ನೆಲವನ್ನು ಬಂಧಿಸುವುದಾದರೆ ಆ ಬೇಲಿ ಅಕ್ರಮವೇ ಎಂದು 1897ರಲ್ಲಿ ಸುಪ್ರೀಂ ಕೋರ್ಟ್ ಕೊಲರಾಡೊ ರಾಜ್ಯದ ಒಂದು ಪ್ರಕರಣದಲ್ಲಿ ತೀರ್ಪಿತ್ತಿತು.

ಆಮೇಲಿನ ಮೂರು ಪ್ರಮುಖ ವ್ಯಾಜ್ಯಗಳು ಎಲ್ಕ್ ಪರ್ವತವಿರುವ ಕಾರ್ಬನ್ ಕೌಂಟಿಯಲ್ಲಿಯೇ ಹುಟ್ಟಿದವು. ಕೌಂಟಿ ಎಂದರೆ ಅಲ್ಲಿನ ಜಿಲ್ಲೆ. ಮೊದಲನೆಯದು ಜಲಾಶಯವೊಂದಕ್ಕೆ ಜನ ಹೋಗಲೆಂದು ಸರ್ಕಾರ ಖಾಸಗಿ ಚೌಕಗಳ ಮೂಲಕ ಮಾಡಿದ ಮಣ್ಣಿನ ರಸ್ತೆಯದು. ರೈಲು ಕಂಪನಿಗೆ ಭೂಮಿ ಕೊಡುವಾಗ ಸರ್ಕಾರ ದಾರಿಯ ಹಕ್ಕನ್ನು ಉಳಿಸಿಕೊಂಡಿರಲಿಲ್ಲ, ಆದ್ದರಿಂದ ಪರಿಹಾರ ಕೊಡದೆ ರಸ್ತೆ ಮಾಡುವಂತಿಲ್ಲ ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1862ರಲ್ಲಿ ಬರೆಯದೆ ಬಿಟ್ಟ ಒಂದು ಸಾಲಿನ ಬೆಲೆಯನ್ನು ಜನ ನೂರು ವರ್ಷಗಳ ನಂತರ ತೆರಬೇಕಾಯಿತು.

ಎರಡನೆಯದರಲ್ಲಿ ಮನುಷ್ಯರ ದಾರಿಯ ಪ್ರಶ್ನೆ ಇರಲಿಲ್ಲ. ಅಲ್ಲಿ ದಾರಿ ಬೇಕಾಗಿದ್ದುದು ಪ್ರಾಂಗ್‌ಹಾರ್ನ್ ಎಂಬ, ಹುಲ್ಲೆಯನ್ನು ಹೋಲುವ ಮೃಗಗಳಿಗೆ. ರೆಡ್ ರಿಮ್ ಎಂಬ ಚಳಿಗಾಲದ ಮೇವುನೆಲದ ಸುತ್ತ ಒಡೆಯನೊಬ್ಬ 28 ಮೈಲಿ ಉದ್ದದ ಬೇಲಿ ಹಾಕಿದ. ಪ್ರಾಂಗ್‌ಹಾರ್ನ್ ಬಲುವೇಗದ ಓಟಗಾರ, ಆದರೆ ಬೇಲಿ ಹಾರುವ ಅಭ್ಯಾಸ ಅದಕ್ಕಿಲ್ಲ. ಹಿಮ ಬಿದ್ದಾಗ ಹಿಂಡುಗಳು ಬೇಲಿಯ ಹೊರಗೆ ಸಿಕ್ಕಿಕೊಂಡವು. ಮೇವಿನ ನೆಲ ಕಣ್ಣೆದುರಿಗಿದ್ದೂ ಅವು ಒಳಗೆ ಹೋಗಲಾರದಾದವು. 1985ರಲ್ಲಿ ನೂರು ವರ್ಷ ತುಂಬಿದ್ದ ಆ ಹಳೆಯ ಕಾಯಿದೆಯನ್ನೇ ಆಧರಿಸಿ, ಬೇಲಿಯನ್ನು ತೆಗೆಯಬೇಕು ಅಥವಾ ಮೃಗಗಳು ದಾಟುವಂತೆ ಮಾರ್ಪಡಿಸಬೇಕು ಎಂಬ ಆದೇಶವನ್ನು 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ದಾರಿಯ ಹಕ್ಕು ಮೃಗಕ್ಕೂ ತಾಗಿದ ಅಪರೂಪದ ತೀರ್ಪು ಇದು.

ಮೂರನೆಯದು ಏಣಿಯ ವ್ಯಾಜ್ಯ. 2020ರಲ್ಲಿಯೂ ಅದೇ ಬೇಟೆಗಾರರ ಪೈಕಿ ಕೆಲವರು ಎಲ್ಕ್ ಪರ್ವತಕ್ಕೆ ಬಂದಿದ್ದರು. ಆಗ ಮೂಲೆಯಲ್ಲಿ ಎಚ್ಚರಿಕೆಯ ಫಲಕಗಳಿದ್ದ ಎರಡು ಕಂಬಗಳನ್ನು ಸರಪಳಿಯಿಂದ ಬಿಗಿದಿದ್ದರು. ಬೇಟೆಗಾರರು ಕಂಬ ಹಿಡಿದು ಸುತ್ತಿ ಆಚೆ ದಾಟಿದರು. ಮರುವರ್ಷ ಕಂಬವನ್ನೂ ಮುಟ್ಟಬಾರದೆಂದು ಏಣಿ ತಂದರು. 2022ರ ಏಪ್ರಿಲ್‌ನಲ್ಲಿ ಕಾರ್ಬನ್ ಕೌಂಟಿಯ ಜ್ಯೂರಿ ಅವರನ್ನು ನಿರ್ದೋಷಿಗಳೆಂದಿತು. 2023ರಲ್ಲಿ ಫೆಡರಲ್ ನ್ಯಾಯಾಲಯ ಸಿವಿಲ್ ದಾವೆಯಲ್ಲಿಯೂ ಅವರ ಪರವಾಗಿ ತೀರ್ಪಿತ್ತಿತು. 2025ರ ಮಾರ್ಚ್‌ನಲ್ಲಿ ಹತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಖಾಸಗಿ ನೆಲವನ್ನು ಮುಟ್ಟದೆ ಒಂದು ಸಾರ್ವಜನಿಕ ಚೌಕದಿಂದ ಇನ್ನೊಂದಕ್ಕೆ ಮೂಲೆಯಲ್ಲಿ ದಾಟುವವರನ್ನು ಒಡೆಯರು ತಡೆಯುವಂತಿಲ್ಲ ಎಂಬುದು ಅದರ ಸಾರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಡೆಯರ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಾಸ್ ಮತ್ತು ಓಕ್ಲಹೋಮ ಈ ಆರು ರಾಜ್ಯಗಳು ತೀರ್ಪಿನ ವ್ಯಾಪ್ತಿಗೆ ಬಂದವು. ಎಲ್ಕ್ ಬೇಟೆಗೆ ಹೆಸರಾದ ಮೊಂಟಾನಾ ಬೇರೆ ವಲಯಕ್ಕೆ ಸೇರಿದೆ. ಅಲ್ಲಿಗೆ ಈ ತೀರ್ಪು ಅನ್ವಯಿಸುವುದಿಲ್ಲ.

ಒಡೆಯರ ಮಾತಿನಲ್ಲಿರುವ ನಿಜ

ಇಷ್ಟರಿಂದ ಬೇಟೆಗಾರರೆಲ್ಲ ಸಜ್ಜನರು, ಭೂಮಾಲೀಕರೆಲ್ಲ ದುರಾಶೆಯವರು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ವಲಸೆ ಬಂದವರು ಹತ್ತೊಂಬತ್ತನೆಯ ಶತಮಾನದಲ್ಲಿ ನೀರಿದ್ದ ಕಣಿವೆಗಳನ್ನು ಹಿಡಿದರು. ಕಡಿದಾದ ಬೆಟ್ಟಗಳು ಸರ್ಕಾರಕ್ಕೆ ಉಳಿದವು. ಹೀಗಾಗಿ ಮೃಗಗಳ ಬೇಸಿಗೆಯ ನೆಲ ಬಹುಪಾಲು ಸಾರ್ವಜನಿಕವಾಗಿಯೂ, ಚಳಿಗಾಲದ ನೆಲ ಬಹುಪಾಲು ಖಾಸಗಿಯಾಗಿಯೂ ಇದೆ. ಚಳಿಗಾಲದಲ್ಲಿ ಬೆಟ್ಟದಿಂದ ಇಳಿದ ಎಲ್ಕ್ ಹಿಂಡು ದನಗಳಿಗೆಂದು ಕೂಡಿಟ್ಟ ಹುಲ್ಲಿನ ಬಣವೆಗಳನ್ನು ತಿನ್ನುತ್ತದೆ, ಬೇಲಿ ಮುರಿಯುತ್ತದೆ. ಕಾಡುಹಂದಿ ಗದ್ದೆ ಹೊಕ್ಕ ಬೆಳಗಿನ ಸಂಕಟವನ್ನು ಬಲ್ಲ ಮಲೆನಾಡಿನ ರೈತನಿಗೆ ಆ ರೈತನ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಜಮೀನುಗಳು ಮುರಿದು ಮನೆನಿವೇಶನಗಳಾದರೆ ಎಲ್ಕ್‌ಗೆ ಚಳಿಗಾಲದ ನೆಲೆಯೇ ಇಲ್ಲದಾಗುತ್ತದೆ ಎಂಬುದೂ ನಿಜ.

ಮೃಗಗಳ ನಡತೆಯೂ ಈ ಗೆರೆಗಳಿಗೆ ಹೊಂದಿಕೊಂಡಿದೆ. ಬೇಟೆಯ ಕಾಲ ಬಂದೊಡನೆ ಎಲ್ಕ್‌ಗಳು ಗುಂಡಿನ ಸದ್ದಿರುವ ಸಾರ್ವಜನಿಕ ಬೆಟ್ಟವನ್ನು ಬಿಟ್ಟು, ಬೇಟೆಗೆ ಅವಕಾಶವಿಲ್ಲದ ಖಾಸಗಿ ಜಮೀನುಗಳಿಗೆ ಸರಿಯುವುದು ಅಲ್ಲಿ ಸಾಮಾನ್ಯವಾಗಿ ಕಂಡುಬಂದಿರುವ ಸಂಗತಿ. ಒಂದೇ ಕಡೆ ಹಿಂಡುಗಟ್ಟಿ ನಿಂತಾಗ ಮೇವು ಸವೆಯುತ್ತದೆ, ರೋಗ ಹರಡುವ ಅಪಾಯವೂ ಹೆಚ್ಚುತ್ತದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡುಬಂದ, ಜಿಂಕೆಗಳನ್ನೂ ಎಲ್ಕ್‌ಗಳನ್ನೂ ಸೊರಗಿಸಿ ಕೊಲ್ಲುವ ಮದ್ದಿಲ್ಲದ ಕ್ಷಯವ್ಯಾಧಿಯೊಂದು ಈಗ ಅನೇಕ ರಾಜ್ಯಗಳಲ್ಲಿದೆ.

ಆದ್ದರಿಂದ ನ್ಯಾಯಾಲಯದ ಹೊರಗೆಯೂ ದಾರಿಗಳನ್ನು ಹುಡುಕಲಾಗಿದೆ. ಮೊಂಟಾನಾದಲ್ಲಿ 1980ರ ದಶಕದಿಂದ ನಡೆದು ಬಂದ ಯೋಜನೆಯಲ್ಲಿ, ತಮ್ಮ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಡುವ ಒಡೆಯರಿಗೆ ರಾಜ್ಯವು ಹಣ ಮತ್ತು ಮೇಲ್ವಿಚಾರಣೆಯ ನೆರವು ನೀಡುತ್ತದೆ. ವಯೋಮಿಂಗ್‌ನಲ್ಲಿಯೂ ಇಂಥ ಏರ್ಪಾಡಿದೆ. ಏಣಿ ಹಾಕಿ ದಾಟುವುದು ಕೊನೆಯ ಉಪಾಯ. ಬಾಗಿಲು ತಟ್ಟಿ ಕೇಳುವುದು ಮೊದಲನೆಯದು. ಆದರೆ ಬಾಗಿಲು ತೆರೆಯದಿದ್ದಾಗಲೂ ದಾರಿ ಉಳಿದಿರಬೇಕು ಎಂಬುದೇ ಕಾಯಿದೆಯ ಅಗತ್ಯ.

ಚೌಕ ಕತ್ತರಿಸುವ ಮೊದಲು

ಈ ಕಥೆಯಲ್ಲಿ ಇನ್ನೊಂದು ಪದರವಿದೆ. ರೈಲು ಕಂಪನಿಗೆ ಕೊಟ್ಟ ಚೌಕಗಳೂ ಸರ್ಕಾರ ಉಳಿಸಿಕೊಂಡ ಚೌಕಗಳೂ ಅದಕ್ಕೆ ಮುಂಚೆ ಖಾಲಿ ಬಿದ್ದ ನೆಲವಾಗಿರಲಿಲ್ಲ. ಶೊಶೋನಿ, ಅರಾಪಹೊ, ಶಯಾನ್, ಯೂಟ್, ಕ್ರೋ ಮುಂತಾದ ಮೂಲನಿವಾಸಿಗಳು ತಲೆಮಾರುಗಳಿಂದ ಬೇಟೆಯಾಡಿ ಬದುಕಿದ ನಾಡು ಅದು. 1868ರ ಒಪ್ಪಂದದಲ್ಲಿ ಕ್ರೋ ಜನಾಂಗ ತನ್ನ ವಿಶಾಲವಾದ ನೆಲವನ್ನು ಬಿಟ್ಟುಕೊಟ್ಟಿತು. ಯಾರೂ ನೆಲಸದ ಸರ್ಕಾರಿ ಭೂಮಿಯಲ್ಲಿ ಬೇಟೆಯಾಡುವ ಹಕ್ಕನ್ನು ಮಾತ್ರ ಉಳಿಸಿಕೊಂಡಿತು. 2014ರಲ್ಲಿ ಆ ಜನಾಂಗದ ಬೇಟೆಗಾರರು ಎಲ್ಕ್ ಹಿಂಡನ್ನು ಅನುಸರಿಸುತ್ತ ಮೊಂಟಾನಾದ ತಮ್ಮ ಮೀಸಲು ಪ್ರದೇಶದಿಂದ ವಯೋಮಿಂಗ್‌ನ ಬಿಗ್‌ಹಾರ್ನ್ ರಾಷ್ಟ್ರೀಯ ಅರಣ್ಯಕ್ಕೆ ದಾಟಿದರು. ಎಲ್ಕ್‌ಗೆ ಆ ಗೆರೆ ತಿಳಿಯದು. ಬೇಟೆಗಾರರ ಮೇಲೆ ಮಾತ್ರ ಮೊಕದ್ದಮೆ ಬಿತ್ತು. ವಯೋಮಿಂಗ್ ರಾಜ್ಯವಾಗಿ ಸ್ಥಾಪನೆಯಾದ ಮಾತ್ರಕ್ಕೆ ಒಪ್ಪಂದದ ಹಕ್ಕು ಅಳಿಯುವುದಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ರಾಷ್ಟ್ರೀಯ ಅರಣ್ಯದ ಯಾವ ಭಾಗ 'ಯಾರೂ ನೆಲಸದ' ಭೂಮಿ ಎಂಬ ಪ್ರಶ್ನೆಯನ್ನು ಕೆಳ ನ್ಯಾಯಾಲಯಗಳಿಗೇ ಬಿಟ್ಟಿತು.

ಏಣಿ ಹಾಕಿದ ಬೇಟೆಗಾರರು ಎಲ್ಲ ಪ್ರಜೆಗಳಿಗೂ ಇರುವ ಹಕ್ಕನ್ನು ಕೇಳಿದರು. ಕ್ರೋ ಬೇಟೆಗಾರರು ತಮ್ಮ ಪೂರ್ವಿಕರು ಬಿಟ್ಟುಕೊಡದೆ ಉಳಿಸಿಕೊಂಡಿದ್ದನ್ನು ಕೇಳಿದರು. ಎರಡೂ ಬೇಡಿಕೆಗಳು ನಿಂತಿರುವುದು ಹಳೆಯ ಬರಹದ ಮೇಲೆ. ಒಂದಕ್ಕೆ 1885ರ ಕಾಯಿದೆ, ಇನ್ನೊಂದಕ್ಕೆ 1868ರ ಒಪ್ಪಂದ. ಬರಹ ಇಲ್ಲದಿದ್ದಲ್ಲಿ, 1979ರ ರಸ್ತೆಯ ಪ್ರಕರಣದಂತೆ, ಜನ ಸೋತರು.

ಬೆಟ್ಟದ ಹಳ್ಳಿಗಳಿಗೆ ಇದರ ಅರ್ಥ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಡವೆ, ಚುಕ್ಕೆ ಜಿಂಕೆಗಳ ಬೇಟೆ ಅಪರಾಧ. 2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯವಾಸಿಗಳ ಅನೇಕ ಸಾಂಪ್ರದಾಯಿಕ ಹಕ್ಕುಗಳನ್ನು ಮನ್ನಿಸಿದರೂ ಬೇಟೆಯ ಹಕ್ಕನ್ನು ಹೊರಗಿಟ್ಟಿದೆ. ಪಶ್ಚಿಮ ಘಟ್ಟದ ಒತ್ತಾದ ಜನವಸತಿಯ ನಡುವೆ ಅಳಿದುಳಿದ ಕಾಡಿಗೆ ಅದೇ ಸರಿಯಾದ ನೀತಿ. ಆದ್ದರಿಂದ ವಯೋಮಿಂಗ್‌ನಿಂದ ಬಂದೂಕನ್ನು ಎರವಲು ತರಬೇಕಾಗಿಲ್ಲ. ತರಬೇಕಾದದ್ದು ದಾರಿಯ ವಿವೇಕವನ್ನು.

ಸೊಪ್ಪಿನಬೆಟ್ಟ, ಗೋಮಾಳ, ಕೆರೆಯಂಗಳ, ದೇವರಕಾಡು ಇವೆಲ್ಲವೂ ಪಹಣಿಯ ಸಾಲಿನಿಂದಷ್ಟೇ ಉಳಿಯುವುದಿಲ್ಲ. ಸೊಪ್ಪಿಗೆ ಹೋಗುವ, ದನ ಹೊಡೆಯುವ, ಹೊಳೆಗೆ ಇಳಿಯುವ ಕಾಲುದಾರಿಯ ಬಾಯಿಗೆ ಒಂದು ಗೇಟು ಬಿದ್ದ ದಿನ ಆಚೆಗಿನ ನೆಲ ಕೈತಪ್ಪಲು ಆರಂಭವಾಗುತ್ತದೆ. ಮೊದಲ ವರ್ಷ ಜನ ಸುತ್ತಿ ನಡೆಯುತ್ತಾರೆ. ಎರಡನೆಯ ವರ್ಷ ಹೋಗುವುದನ್ನೇ ಬಿಡುತ್ತಾರೆ. ಹತ್ತು ವರ್ಷದಲ್ಲಿ ಅಲ್ಲಿ ದಾರಿ ಇತ್ತೆಂಬುದಕ್ಕೆ ಮುದುಕರ ನೆನಪಷ್ಟೇ ಸಾಕ್ಷಿಯಾಗುತ್ತದೆ. ಗ್ರಾಮನಕಾಶೆಯಲ್ಲಿ ಕಾಣುವ ದಾರಿ ಯಾವುದು, ಬರಿಯ ರೂಢಿಯಿಂದ ಬಂದ ದಾರಿ ಯಾವುದು ಎಂಬುದನ್ನು ಹಿರಿಯರು ಇರುವಾಗಲೇ ನಡೆದು ನೋಡಿ, ಕೇಳಿ, ಬರೆದಿಡುವುದು ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಉತ್ತಮ ಅಧ್ಯಯನ. ಬೇಲಿ ಹಾಕುವ ನೆರೆಯವನೊಡನೆ ಜಗಳಕ್ಕೆ ಮೊದಲು ಮಾತುಕತೆ ನಡೆಯಲಿ. ಮಾತುಕತೆಗೆ ಆ ಬರಹವೇ ಆಧಾರವಾಗಲಿ. ಸ್ವಂತ ಜಮೀನಿಗೆ ಬೇಲಿ ಹಾಕುವವರು ಮೃಗಗಳ ಓಡಾಟದ ಜಾಡನ್ನೂ ನೆನಪಿನಲ್ಲಿಡಲಿ.

ಕಾರ್ಬನ್ ಕೌಂಟಿಯ ಆ ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ. ಆದರೂ ಅದರ ಹಿಂದೆ ಒಂದು ಇಡೀ ಪರ್ವತವಿತ್ತು, ಅದರ ಮೇಲೆ ಎಲ್ಲರಿಗೂ ಸೇರಿದ ಮೃಗಗಳಿದ್ದವು. ಒಂದು ಹೆಜ್ಜೆಯ ಜಾಗಕ್ಕೆ ಕೋಟಿಗಟ್ಟಲೆ ಬೆಲೆ ಕಟ್ಟಿದವರಿಗೆ ಅದರ ಮಹತ್ವ ಚೆನ್ನಾಗಿ ತಿಳಿದಿತ್ತು. ದಾರಿಯನ್ನು ಬಳಸುವ ಜನರಿಗೂ ಅದು ಅಷ್ಟೇ ಚೆನ್ನಾಗಿ ತಿಳಿದಿರಬೇಕು.